ದೊಡ್ಡಪ್ಪನ ಫಾರ್ವರ್ಡಿಗೆ ಉತ್ತರ ಕೊಡುವವರು ಯಾರು?

ನಮಸ್ಕಾರ. ಫ್ಯಾಮಿಲಿ ಗ್ರೂಪಿಗೆ ದೊಡ್ಡಪ್ಪ ಒಂದು ಸುಳ್ಳು ಸುದ್ದಿ ಹಾಕಿದರು ಅಂತಿಟ್ಟುಕೊಳ್ಳಿ. ಅದು ಸುಳ್ಳು ಅಂತ ಅರ್ಧ ಜನಕ್ಕೆ ಗೊತ್ತು. ಆದರೂ ಯಾರೂ ಬಾಯಿ ಬಿಡುವುದಿಲ್ಲ. ಇಬ್ಬರು ಕೈಮುಗಿಯುವ ಇಮೋಜಿ ಹಾಕುತ್ತಾರೆ, ಇನ್ನೊಬ್ಬರು ಗುಡ್ ಮಾರ್ನಿಂಗ್ ಹೂವು. ಅಲ್ಲಿಗೆ ಮುಗಿಯಿತು.

ಮೊಬೈಲ್ ಬಂದು ಸಂಬಂಧ ಹಾಳಾಯಿತು ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ನನಗೆ ಅನಿಸುವುದು ಬೇರೆ. ಈ ಫಾರ್ವರ್ಡುಗಳು ಓಡುವುದೇ ಸಂಬಂಧದ ಬಲದಿಂದ. ಗೊತ್ತಿಲ್ಲದ ನಂಬರಿನಿಂದ ಬಂದರೆ ಡಿಲೀಟ್ ಮಾಡುವ ಮೆಸೇಜನ್ನೇ ಸೋದರಮಾವ ಕಳಿಸಿದರೆ ಓದುತ್ತೇವೆ, ನಂಬುತ್ತೇವೆ, ಇನ್ನೊಂದು ಗ್ರೂಪಿಗೂ ದಾಟಿಸುತ್ತೇವೆ. ಬರೆದವರು ಯಾರೋ. ನಾವು ನಂಬಿದ್ದು ಮಾವನನ್ನು.

ಇದು ವಾಟ್ಸ್‌ಆ್ಯಪ್ ಎಲ್ಲರ ಕೈಗೆ ಬರುವುದಕ್ಕಿಂತ ಹಳೆಯದು. 2012ರ ಆಗಸ್ಟ್ ನೆನಪಿದೆಯಾ? ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತದೆ ಅಂತ ಗಾಳಿಸುದ್ದಿ ಹಬ್ಬಿತು. ಬೆಂಗಳೂರಿನಿಂದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ಸರ್ಕಾರ ಒಂದು ಸಲಕ್ಕೆ 5ಕ್ಕಿಂತ ಜಾಸ್ತಿ ಎಸ್‌ಎಂಎಸ್ ಕಳಿಸುವಂತಿಲ್ಲ ಅಂತ ಕೆಲವು ದಿನ ಕಡಿವಾಣ ಹಾಕಿತು. ಊರಿನಿಂದ ಅಮ್ಮ ಫೋನ್ ಮಾಡಿ "ಬಂದುಬಿಡು" ಅಂದರೆ, ಯಾವ ಪೊಲೀಸ್ ಕಮಿಷನರ್ ಧೈರ್ಯ ಹೇಳಿದರೂ ಕಿವಿಗೆ ಬೀಳುತ್ತದಾ?

2018ರಲ್ಲಿ ಮಕ್ಕಳ ಕಳ್ಳರ ವದಂತಿ. ಆಗ ದೇಶವೆಲ್ಲ ಓಡಾಡಿದ ಒಂದು ವಿಡಿಯೋ ಇತ್ತು, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವುದು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆ ಮಾಡಿದ ವಿಡಿಯೋ. ಮಗುವನ್ನು ವಾಪಸ್ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳ ಅಂತ ಶಂಕಿಸಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ.

ಅದೇ ತಿಂಗಳು ವಾಟ್ಸ್‌ಆ್ಯಪ್, ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಅಂದಿತು. ಮತ್ತೆ ಅದೇ 5! 2020ರಲ್ಲಿ, ಹಲವು ಕೈ ದಾಟಿ ಬಂದ ಮೆಸೇಜಾದರೆ ಒಂದೇ ಚಾಟ್‌ಗೆ ಅಂತ ಬಿಗಿ ಮಾಡಿತು. ಒಳ್ಳೆಯದೇ. ಇದರಿಂದ ವೇಗ ತಗ್ಗುತ್ತದೆ. ಆದರೆ ದೊಡ್ಡಪ್ಪನಿಗೆ ಎದುರು ಹೇಳಬಾರದು ಅನ್ನುವ ನಮ್ಮ ಸಂಕೋಚಕ್ಕೆ ಯಾವ ಆ್ಯಪ್ ಸೆಟ್ಟಿಂಗ್ ಕೊಡುತ್ತದೆ?

"ಪರ್ಸನಲ್ ಆಗಿ ಹೇಳಿ, ಎಲ್ಲರೆದುರು ಯಾಕೆ" ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ದೊಡ್ಡಪ್ಪನ ಮರ್ಯಾದೆ ಉಳಿಯಿತು, ಸರಿ. ಗ್ರೂಪಿನಲ್ಲಿ ಓದಿದ ಉಳಿದವರ ತಲೆಯಲ್ಲಿ ಸುಳ್ಳೂ ಉಳಿಯಿತಲ್ಲ! ಹಾಕಿದ ಜಾಗದಲ್ಲೇ ಹೇಳಬೇಕು. ನಗುವ ಇಮೋಜಿ ಬೇಡ, ಪಾಠ ಮಾಡುವುದೂ ಬೇಡ. "ದೊಡ್ಡಪ್ಪ, ಇದು ಹಳೇ ವಿಡಿಯೋ ಅಂತೆ, ನೋಡಿ" ಅಂತ ಒಂದು ಸಾಲು, ಕೆಳಗೆ ಸುದ್ದಿಯ ಲಿಂಕ್. ಸಾಕು. ಅವರು ಎರಡು ದಿನ ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ ಬಿಡಿ, ಮುಂದಿನ ಮದುವೆಯಲ್ಲಿ ಪಕ್ಕದಲ್ಲೇ ಕೂತು ಊಟ ಮಾಡುತ್ತಾರೆ.