ಜಮೈಕಾದ ಹಾಡು, ಅಂಗಡಿಯವರ ಪಾಡು

ಕೇಳುಗರಿಗೆ ನಮಸ್ಕಾರ.

ಜಮೈಕಾ ಅಂದರೆ ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ಕ್ರಿಸ್ ಗೇಲ್. 2013ರಲ್ಲಿ ನಮ್ಮ ಚಿನ್ನಸ್ವಾಮಿ ಮೈದಾನದಲ್ಲಿ 66 ಎಸೆತಕ್ಕೆ 175 ರನ್ ಚಚ್ಚಿದ್ದನ್ನು ಮರೆಯೋದುಂಟೇ? ಆಮೇಲೆ ಓಟಗಾರ ಉಸೇನ್ ಬೋಲ್ಟ್, ಹಾಡುಗಾರ ಬಾಬ್ ಮಾರ್ಲಿ. ತುಮಕೂರು ಜಿಲ್ಲೆಗಿಂತ ಚೂರು ದೊಡ್ಡದು, ಅಷ್ಟೇ ಆ ದ್ವೀಪ. ಇವರ ಬಗ್ಗೆ ನೀವು ಬೇಕಾದಷ್ಟು ಕೇಳಿದ್ದೀರಿ. ಇವತ್ತು ನಾನು ಹೇಳೋದು, ಅಲ್ಲಿನ ಹಾಡನ್ನು ರೆಕಾರ್ಡ್ ಮಾಡಿ ಮಾರಿದವರ ಕಥೆ.

1962ರಲ್ಲಿ ಸ್ವಾತಂತ್ರ್ಯ ಬಂದಾಗ, 'ಹಲವರು ಸೇರಿ ಒಂದೇ ಜನ' ಅನ್ನೋದನ್ನು ಜಮೈಕಾ ತನ್ನ ಧ್ಯೇಯವಾಕ್ಯ ಮಾಡಿಕೊಂಡಿತು. ಆದರೆ ಅಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಮಂದಿ ಆಫ್ರಿಕಾ ಮೂಲದವರು. ಕಬ್ಬಿನ ತೋಟಕ್ಕೆಂದು ಹಡಗಿನಲ್ಲಿ ತುಂಬಿ ತಂದ ಗುಲಾಮರ ವಂಶದವರು. ತೋಟದಿಂದ ತಪ್ಪಿಸಿಕೊಂಡು ಬೆಟ್ಟ ಸೇರಿದವರೂ ಇದ್ದರು, ಅವರೇ ಮರೂನರು. ಅವರ ನಾಯಕಿ ನ್ಯಾನಿ ಬ್ರಿಟಿಷ್ ಸೈನಿಕರನ್ನು ಹೈರಾಣ ಮಾಡಿದ್ದಳು. ಈಗ ಜಮೈಕಾದ 500 ಡಾಲರ್ ನೋಟಿನ ಮೇಲೆ ಅವಳ ಚಿತ್ರವೂ ಇದೆ.

1838ರಲ್ಲಿ ಗುಲಾಮಗಿರಿ ಪೂರ್ತಿ ಹೋಯಿತು. ತೋಟದ ಸಾಹುಕಾರರಿಗೆ ಆಳು ಬೇಕಲ್ಲ? 1845ರ ಮೇ 10ರಂದು ಭಾರತದ ಕೂಲಿಗಳ ಮೊದಲ ಹಡಗು 'ಓಲ್ಡ್ ಹಾರ್ಬರ್ ಬೇ' ಅನ್ನುವ ಬಂದರಿಗೆ ಬಂತು. 1854ರಲ್ಲಿ ಚೀನೀಯರು ಬಂದರು. ನಮ್ಮವರ ಗುರುತು ಇವತ್ತಿಗೂ ಅಲ್ಲಿನ ಊಟದಲ್ಲಿದೆ. ಮದುವೆ, ಹಬ್ಬ ಅಂದರೆ ಆಡಿನ ಮಾಂಸದ ಕರಿ ಇರಲೇಬೇಕು. ಮೂಳೆ ಸಮೇತ ಕೊಚ್ಚಿ, ಕರಿ ಪುಡಿ ಸವರಿ, ಮೈ ಬೆವರುವಷ್ಟು ಖಾರದ ಮೆಣಸಿನಕಾಯಿ ಹಾಕಿ ಬೇಯಿಸುತ್ತಾರೆ. ಚೀನೀಯರು ಬಹಳ ಮಂದಿ ಕಬ್ಬಿನ ಸಹವಾಸವೇ ಬೇಡ ಅಂತ ಕಿರಾಣಿ ಅಂಗಡಿ ಇಟ್ಟರು.

ಲೆಸ್ಲಿ ಕಾಂಗ್ ಅಂಥದೊಂದು ಚೀನೀ ಸಮುದಾಯದವರು. ರಾಜಧಾನಿ ಕಿಂಗ್‌ಸ್ಟನ್‌ನ ಆರೆಂಜ್ ಬೀದಿಯಲ್ಲಿ ಅಣ್ಣತಮ್ಮಂದಿರೊಂದಿಗೆ 'ಬೆವರ್ಲೀಸ್' ಅಂತ ಅಂಗಡಿ ನಡೆಸುತ್ತಿದ್ದರು. ಅಲ್ಲಿ ಐಸ್‌ಕ್ರೀಮೂ ಸಿಗುತ್ತಿತ್ತು, ರೆಕಾರ್ಡೂ ಸಿಗುತ್ತಿತ್ತು. ಒಂದು ದಿನ ಜಿಮ್ಮಿ ಕ್ಲಿಫ್ ಅನ್ನುವ ಹುಡುಗ ಒಳಗೆ ಬಂದ. ಅಂಗಡಿಯ ಹೆಸರನ್ನೇ ಹಾಡಲ್ಲಿ ಸೇರಿಸಿ ಹಾಡಿದ. ಪಾಕಡಾ ಹುಡುಗ! ಹಾಡು ಮುದ್ರಿಸಿ ಗೊತ್ತೇ ಇಲ್ಲದ ಕಾಂಗ್, ಸರಿ ಅಂದುಬಿಟ್ಟರು. ಅದೇ 1962ರಲ್ಲಿ ಬಾಬ್ ಮಾರ್ಲಿಯ ಮೊದಲ ರೆಕಾರ್ಡ್ ಹೊರತಂದವರೂ ಇದೇ ಕಾಂಗ್. ಮಾರ್ಲಿಗೆ ಆಗ 17 ವರ್ಷ. ತಂದೆ ಬಿಳಿಯ, ತಾಯಿ ಕರಿಯ ಹೆಂಗಸು.

ಇನ್ನೊಂದು ಅಂಗಡಿ ನಾರ್ತ್ ಪೆರೇಡ್‌ನಲ್ಲಿ, 'ರ‍್ಯಾಂಡೀಸ್'. ಚೀನೀ ಮೂಲದ ವಿನ್ಸೆಂಟ್ ಚಿನ್ ಮತ್ತು ಹೆಂಡತಿ ಪೆಟ್ರೀಷಿಯಾ ನಡೆಸುತ್ತಿದ್ದದ್ದು. ಪೆಟ್ರೀಷಿಯಾಗೆ ಅಪ್ಪನ ಕಡೆಯಿಂದ ಭಾರತ, ಅಮ್ಮನ ಕಡೆಯಿಂದ ಚೀನಾ. ಎಲ್ಲರ ಬಾಯಲ್ಲೂ ಆಕೆ 'ಮಿಸ್ ಪ್ಯಾಟ್'. ಬಾರ್‌ಗಳಲ್ಲಿ ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಇರುತ್ತಿದ್ದವಲ್ಲ, ಅವುಗಳಲ್ಲಿ ರೆಕಾರ್ಡ್ ಬದಲಾಯಿಸುವುದು ವಿನ್ಸೆಂಟ್ ಕೆಲಸ. ತೆಗೆದ ಹಳೇ ರೆಕಾರ್ಡುಗಳನ್ನೇ ಕೂಡಿಟ್ಟು ಮಾರೋಕೆ ಶುರು ಮಾಡಿದರು. ಬಂಡವಾಳ ಅಂದರೆ ಅಷ್ಟೇ. ಮುಂದೆ ಮಹಡಿ ಮೇಲೆ ಸ್ಟುಡಿಯೋ ಬಂತು. ಮಾರ್ಲಿಯ ವೈಲರ್ಸ್ ತಂಡವೂ ಅಲ್ಲಿ ಹಾಡಿತು.

ಲೆಬನಾನ್ ಮೂಲದ ಎಡ್ವರ್ಡ್ ಸೀಗಾ ಕೂಡ ರೆಕಾರ್ಡ್ ಕಂಪನಿ ನಡೆಸಿದವರು. ಆಮೇಲೆ ರಾಜಕೀಯಕ್ಕೆ ಹೋಗಿ 1980ರಲ್ಲಿ ಪ್ರಧಾನಿಯೇ ಆದರು. ಅವರ ಕಂಪನಿಯನ್ನು ಕೊಂಡ ಸಂಗೀತಗಾರ ಬೈರನ್ ಲೀ ಅವರ ತಂದೆ ಚೀನೀ, ತಾಯಿ ಆಫ್ರಿಕಾ ಮೂಲದವರು.

ಹಾಗಂತ ಎಲ್ಲರೂ ಸುಮ್ನೆ ನಗುನಗುತ್ತಾ ಬಾಳಿದರು ಅಂದುಕೊಳ್ಳಬೇಡಿ. 1965ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಚೀನೀಯರ ಅಂಗಡಿಗಳ ಮೇಲೆ ದಾಳಿ ನಡೆಯಿತು. ದುಡ್ಡೆಲ್ಲ ಅಂಗಡಿಯವರ ಕೈಲಿದೆ ಅನ್ನುವ ಸಿಟ್ಟು ಬಡವರಲ್ಲಿ ಇತ್ತು. ಧ್ಯೇಯವಾಕ್ಯ ಬರೆದು ಆಗಿನ್ನೂ ಮೂರು ವರ್ಷ! 70ರ ದಶಕದಲ್ಲಿ ರಾಜಕೀಯ ಗುಂಪುಗಳ ಹೊಡೆದಾಟ ಜೋರಾಯಿತು. ಅಂಗಡಿಯವರು ಎಷ್ಟೋ ಮಂದಿ ಕೆನಡಾ, ಅಮೆರಿಕ ಅಂತ ಹೊರಟರು.

ಚಿನ್ ದಂಪತಿಯೂ ಹೊರಟರು. 1979ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ 'ವಿ.ಪಿ. ರೆಕಾರ್ಡ್ಸ್' ತೆರೆದರು. ವಿ ಅಂದರೆ ವಿನ್ಸೆಂಟ್, ಪಿ ಅಂದರೆ ಪೆಟ್ರೀಷಿಯಾ. ಜಮೈಕಾದಲ್ಲೇ ಹುಟ್ಟಿದ ರೆಗೇ ಸಂಗೀತವನ್ನು ಪ್ರಪಂಚಕ್ಕೆಲ್ಲ ಹಂಚುವ ದೊಡ್ಡ ಕಂಪನಿ ಅದೇ ಆಯಿತು. ತಮಾಷೆ ನೋಡಿ, ಅವರು ಅಂಗಡಿ ಇಟ್ಟ ಬಡಾವಣೆಯ ಹೆಸರೂ ಜಮೈಕಾ.

ನಮಸ್ಕಾರ.