ಕಟ್ಟೆ ಕಾಣದ ನದಿ: ಟೋರ್ನೆಯ ನೀರು, ಹಿಮ ಮತ್ತು ಮೀನು

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಟೋರ್ನೆ ನದಿ. ಯುರೋಪಿನ ಉತ್ತರ ತುದಿಯಲ್ಲಿ ಸ್ವೀಡನ್ ಮತ್ತು ಫಿನ್ಲೆಂಡಿನ ಗಡಿಯಾಗಿ ಹರಿದು ಬೋತ್ನಿಯಾ ಕೊಲ್ಲಿ ಸೇರುವ ನದಿ ಇದು. ಉದ್ದ ಸುಮಾರು 520 ಕಿಲೋಮೀಟರ್, ಜಲಾನಯನ ಪ್ರದೇಶ ಸುಮಾರು 40,000 ಚದರ ಕಿಲೋಮೀಟರ್. ಸ್ವೀಡನ್ನಿನವರು ಟೋರ್ನೆ ಎಲ್ವ್ ಎನ್ನುತ್ತಾರೆ, ಫಿನ್ನರು ಟೋರ್ನಿಯೊನ್‌ಯೊಕಿ ಎನ್ನುತ್ತಾರೆ. ದಂಡೆಯ ಮೇಲೇ ಬಾಳುವ ಮೆಯಾನ್‌ಕಿಯೆಲಿ ಭಾಷೆಯವರಿಗೆ ಇದು ಬರೀ ‘ವಾಯ್ಲಾ’, ಅಂದರೆ ದಾರಿ. ನೀರಿಗೂ ಮೀನಿಗೂ ದೋಣಿಗೂ ಇದೇ ದಾರಿ ಆಗಿದ್ದರಿಂದ ಬೇರೆ ಹೆಸರು ಅವರಿಗೆ ಬೇಕಾಗಲಿಲ್ಲ.

ಮುಖ್ಯ ಹರಿವಿನಲ್ಲಿ ಒಂದೂ ಅಣೆಕಟ್ಟಿಲ್ಲದಿರುವುದೇ ಈ ನದಿಯನ್ನು ಆರಿಸಿಕೊಳ್ಳಲು ಕಾರಣ. ಪಕ್ಕದ ಕೆಮಿ ನದಿಯ ಅಳಿವೆ ಇಲ್ಲಿಂದ ಮೂವತ್ತು ಕಿಲೋಮೀಟರ್ ಕೂಡ ದೂರವಿಲ್ಲ. ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೇ ಅಲ್ಲಿ ಇಸೊಹಾರಾ ಅಣೆಕಟ್ಟು ಎದ್ದಿತು, ಸಾಲ್ಮನ್ ಮೀನಿನ ದಾರಿ ಮುಚ್ಚಿಹೋಯಿತು. ಟೋರ್ನೆಯ ಉಪನದಿ ತೆಂಗೆಲಿಯೊದಲ್ಲಿ ವಿದ್ಯುತ್ ಕೇಂದ್ರಗಳಿವೆ, ನಿಜ. ಮುಖ್ಯ ನದಿಗೆ ಮಾತ್ರ ಎರಡೂ ದೇಶಗಳ ಕಾನೂನಿನ ರಕ್ಷಣೆ ಇದೆ. ಹಾಗಾಗಿ ಶೀತವಲಯದ ದೊಡ್ಡ ನದಿಯೊಂದು ತನ್ನ ಪಾಡಿಗೆ ತಾನು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಇಲ್ಲಿ ಇನ್ನೂ ನೋಡಬಹುದು.

ಹುಟ್ಟಿನಿಂದ ಶುರು ಮಾಡೋಣ. ನಾರ್ವೆಯ ಗಡಿಗೆ ಅಂಟಿಕೊಂಡಂತೆ ಟೋರ್ನೆಟ್ರಾಸ್ಕ್ ಎಂಬ ಸರೋವರವಿದೆ. ಸುಮಾರು 70 ಕಿಲೋಮೀಟರ್ ಉದ್ದ, 168 ಮೀಟರ್ ಆಳ. ಹಿಮನದಿ ಕೊರೆದ ಕಣಿವೆ ಅದು. ಚಳಿಗಾಲದ ಹೆಪ್ಪು ಅಲ್ಲಿ ಕರಗುವುದು ಜೂನ್ ತಿಂಗಳಲ್ಲಿ. ಅಲ್ಲಿಂದ ಹೊರಟ ನೀರು ಪೂರ್ವಕ್ಕೂ ಆಗ್ನೇಯಕ್ಕೂ ಇಳಿದು ಯುನೊಸುವಾಂಡೊ ಊರಿನ ಹತ್ತಿರ ಒಂದು ಅಪರೂಪದ ಕೆಲಸ ಮಾಡುತ್ತದೆ: ಎರಡಾಗಿ ಒಡೆಯುತ್ತದೆ. ಮೇಲಿನಿಂದ ಬಂದ ನೀರಿನಲ್ಲಿ ಸುಮಾರು ಅರ್ಧ ಪಾಲು ತಾರೆಂಡೊ ಎಂಬ ಕವಲಿಗೆ ತಿರುಗಿ, ಐವತ್ತು ಕಿಲೋಮೀಟರ್ ಹರಿದು, ಪಕ್ಕದ ಕಾಲಿಕ್ಸ್ ನದಿಯನ್ನು ಸೇರುತ್ತದೆ. ಮತ್ತೆ ಟೋರ್ನೆಗೆ ಮರಳುವುದಿಲ್ಲ.

ಸಮುದ್ರದ ಹತ್ತಿರ ನದಿ ಕವಲೊಡೆಯುವುದು ಎಲ್ಲ ಕಡೆ ಇರುವುದೇ. ನಡುನಾಡಿನಲ್ಲಿ ಒಂದು ನದಿ ತನ್ನ ನೀರನ್ನು ಬೇರೊಂದು ನದಿಯ ಕೊಳ್ಳಕ್ಕೆ ಶಾಶ್ವತವಾಗಿ ಬಿಟ್ಟುಕೊಡುವುದು ಜಗತ್ತಿನಲ್ಲೇ ಕಡಿಮೆ. ದಕ್ಷಿಣ ಅಮೆರಿಕದ ಒರಿನೋಕೊ ನದಿಯಿಂದ ಅಮೆಜಾನ್ ಕೊಳ್ಳಕ್ಕೆ ಹೋಗುವ ಕಾಸಿಕಿಯಾರೆ ಇಂಥದ್ದರಲ್ಲಿ ಅತಿ ಹೆಸರಾದದ್ದು. ಇಲ್ಲಿ ಎರಡು ಕೊಳ್ಳಗಳ ನಡುವಿನ ದಿಬ್ಬ ತೀರಾ ತಗ್ಗು. ಜಲಾನಯನದ ನಕ್ಷೆ ಬರೆಯುವವರಿಗೆ ಇದೊಂದು ದೊಡ್ಡ ತೊಡಕು, ಏಕೆಂದರೆ ಎಲ್ಲಿ ಗೆರೆ ಎಳೆದರೂ ಅದು ಅರ್ಧ ಮಾತ್ರ ಸರಿ. ಕಾಲಿಕ್ಸ್ ನದಿಯ ಪ್ರವಾಹವನ್ನು ಅಂದಾಜು ಮಾಡಬೇಕಾದರೆ ಟೋರ್ನೆಯ ಮೇಲ್ಭಾಗದ ಹಿಮವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅರ್ಧ ನೀರು ಕಳೆದುಕೊಂಡ ಟೋರ್ನೆಗೆ ಪಯಾಲಾ ಊರು ದಾಟಿದ ಮೇಲೆ ಮುವೊನಿಯೊ ನದಿ ಬಂದು ಕೂಡುತ್ತದೆ. ಗಡಿಯ ಹರಿವು ಶುರುವಾಗುವುದು ಅಲ್ಲಿಂದ. 1809ರವರೆಗೆ ಎರಡೂ ದಂಡೆ ಸ್ವೀಡನ್ನಿನವೇ. ಆ ವರ್ಷದ ಒಪ್ಪಂದದಲ್ಲಿ ಫಿನ್ಲೆಂಡ್ ರಷ್ಯಾದ ಪಾಲಾದಾಗ ನದಿಯ ಆಳದ ಜಾಡನ್ನೇ ಗಡಿ ಮಾಡಿದರು. ಟೋರ್ನಿಯೊ ಪಟ್ಟಣದ ಹತ್ತಿರ ಮಾತ್ರ ಗೆರೆ ಬಾಗಿತು: ಪಟ್ಟಣ ಇದ್ದದ್ದು ಮುಖ್ಯ ಹರಿವಿನ ಪಶ್ಚಿಮಕ್ಕೆ, ರಷ್ಯಾದ ಚಕ್ರವರ್ತಿಗೆ ಆ ಪೇಟೆ ಬೇಕಿತ್ತು. ಪೇಟೆ ಕಳೆದುಕೊಂಡ ಸ್ವೀಡನ್ನಿನವರು ಎದುರಿಗೆ ಹಪರಾಂಡಾ ಎಂಬ ಊರು ಕಟ್ಟಿಕೊಂಡರು. ಒಂದೇ ಭಾಷೆ ಆಡುವ ಹಳ್ಳಿಗಳ ನಡುವೆ ಗಡಿ ಬಿತ್ತು, ಈಗ ಗಡಿಯಾರದಲ್ಲೂ ಒಂದು ಗಂಟೆಯ ವ್ಯತ್ಯಾಸ.

ಈಗ ಹಿಮದ ವಿಚಾರಕ್ಕೆ ಬರೋಣ. ಈ ನದಿಯ ಸ್ವಭಾವ ತಿಳಿಯುವುದು ಇಲ್ಲೇ.

ನಿಧಾನ ಹರಿಯುವ ಕಡೆ ನದಿ ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತದೆ. ಬಂಡೆಗಳ ಮೇಲೆ ರಭಸವಾಗಿ ಇಳಿಯುವ ಕಡೆ ಹಾಗಲ್ಲ. ಅಂಥ ಜಾಗಕ್ಕೆ ಫಿನ್ನಿಶ್‌ನಲ್ಲಿ ಕೋಸ್ಕಿ ಎಂದು ಹೆಸರು. ಕೋಸ್ಕಿಯಲ್ಲಿ ನೀರು ಕಲಕುತ್ತಲೇ ಇರುವುದರಿಂದ ಮೇಲ್ಪದರ ಕಟ್ಟುವುದಿಲ್ಲ. ಇಡೀ ನೀರು ಸೊನ್ನೆ ಡಿಗ್ರಿಗಿಂತ ಒಂದು ಕೂದಲೆಳೆಯಷ್ಟು, ಅಂದರೆ ಡಿಗ್ರಿಯ ನೂರನೇ ಒಂದೆರಡು ಭಾಗದಷ್ಟು, ಕೆಳಗಿಳಿಯುತ್ತದೆ. ಆಗ ನೀರಿನೊಳಗೇ ಬಿಲ್ಲೆಬಿಲ್ಲೆಯಾದ ಹಿಮದ ಹರಳುಗಳು ಹುಟ್ಟುತ್ತವೆ. ಅವು ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತವೆ: ತಳದ ಕಲ್ಲಿಗೆ, ಬಲೆಗೆ, ಪಂಪಿನ ಜಾಲರಿಗೆ. ತಳದಲ್ಲಿ ಬೂದು ಬಣ್ಣದ ಸ್ಪಂಜಿನ ಹಾಗೆ ಬೆಳೆದು ನೀರಿನ ದಾರಿ ಕಿರಿದಾಗುತ್ತದೆ. ಮಳೆಯಿಲ್ಲ, ಹಿಮ ಕರಗಿಲ್ಲ, ಆದರೂ ಕಡುಚಳಿಯ ನಡುವೆ ನದಿ ಏರುತ್ತದೆ. ಗೊತ್ತಿಲ್ಲದವರು ನೀರಿನ ಮಟ್ಟವೊಂದನ್ನೇ ನೋಡಿ ಹರಿವು ಹೆಚ್ಚಾಯಿತು ಎಂದು ಬರೆದುಕೊಳ್ಳುತ್ತಾರೆ; ನಿಜಕ್ಕೂ ಆಗ ಹರಿವು ಕಡಿಮೆಯೇ. ಚಳಿಗಾಲದ ಮಾಪನದಲ್ಲಿ ತಪ್ಪಾಗುವುದು ಹೆಚ್ಚಾಗಿ ಹೀಗೆ.

ವಸಂತದಲ್ಲಿ ಹೆಪ್ಪು ಒಡೆಯುವುದಕ್ಕೆ ಎರಡು ಬಗೆ. ಬಿಸಿಲು ದಿನದಿನವೂ ಬಿದ್ದು ರಾತ್ರಿ ತಂಪಿದ್ದರೆ ಹೆಪ್ಪು ನಿಂತಲ್ಲೇ ಕೊಳೆಯುತ್ತದೆ, ಮೇಲಿಂದ ಕೆಳಕ್ಕೆ ಕಡ್ಡಿಕಡ್ಡಿಯಾಗಿ ಬಿಡುತ್ತದೆ, ಒಂದು ತಳ್ಳಿಗೆ ಪುಡಿಯಾಗುತ್ತದೆ. ಅದು ಒಳ್ಳೆಯ ವರ್ಷ. ಇದ್ದಕ್ಕಿದ್ದಂತೆ ಬೆಚ್ಚಗಾಗಿ ಮಳೆಯೂ ಬಂದರೆ, ಇನ್ನೂ ಗಟ್ಟಿಯಿರುವ ಹೆಪ್ಪನ್ನು ಅಡಿಯಿಂದ ಏರಿದ ನೀರು ಎತ್ತಿ ಮುರಿಯುತ್ತದೆ. ಮನೆಯಂಗಳದಷ್ಟು ಅಗಲದ ಹಲಗೆಗಳು ಹೊರಟು, ತಿರುವಿನಲ್ಲೋ ನಡುಗಡ್ಡೆಯ ನೆತ್ತಿಯಲ್ಲೋ ಒಂದರ ಮೇಲೊಂದು ಹತ್ತಿ ಕೂರುತ್ತವೆ. ಹಿಂದಿನ ನೀರು ಕೆಲವೇ ಗಂಟೆಗಳಲ್ಲಿ ಏರಿ ದಂಡೆಯ ಊರಿಗೆ ನುಗ್ಗುತ್ತದೆ. ಇದನ್ನು ತಡೆಯಲು ಕೆಳಭಾಗದಲ್ಲಿ ಯಂತ್ರದಿಂದ ಹೆಪ್ಪಿಗೆ ಗರಗಸ ಹಾಕಿ ಸೀಳು ಮಾಡುತ್ತಾರೆ, ಹಲಗೆಗಳು ಸಣ್ಣದಾಗಿ ಮುರಿಯಲಿ ಎಂದು. ಯಂತ್ರದ ಭಾರವನ್ನು ಹೆಪ್ಪು ಇನ್ನೂ ತಾಳುವಾಗಲೇ ಈ ಕೆಲಸ ಮುಗಿಯಬೇಕು. ಕಪ್ಪು ಮರಳು ಎರಚುವ ಪದ್ಧತಿಯೂ ಫಿನ್ಲೆಂಡಿನಲ್ಲಿದೆ. ಕಪ್ಪು ಬಣ್ಣ ಬಿಸಿಲು ಹೀರುತ್ತದೆ, ಆದರೆ ಮೇಲೆ ಹೊಸ ಹಿಮ ಬಿದ್ದರೆ ಆ ಶ್ರಮವೆಲ್ಲ ದಂಡ.

ಟೋರ್ನಿಯೊದಲ್ಲಿ ಹೆಪ್ಪು ಒಡೆದ ದಿನವನ್ನು 1693ರಿಂದ ಬರೆದಿಟ್ಟಿದ್ದಾರೆ. ನದಿಯ ಹಿಮದ ಬಗ್ಗೆ ಇಷ್ಟು ಉದ್ದದ ದಾಖಲೆ ಯುರೋಪಿನಲ್ಲಿ ಸಿಗುವುದು ಕಷ್ಟ. ಓದುವಾಗ ಮಾತ್ರ ಎಚ್ಚರ ಬೇಕು. ಸ್ವೀಡನ್ ಹಳೆಯ ಜೂಲಿಯನ್ ಲೆಕ್ಕ ಬಿಟ್ಟು ಈಗಿನ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದದ್ದು 1753ರಲ್ಲಿ. 1700ರಲ್ಲಿ ಒಂದು ದಿನ ಬಿಟ್ಟು, 1712ರಲ್ಲಿ ಫೆಬ್ರವರಿ 30 ಎಂಬ ದಿನವನ್ನು ಸೇರಿಸಿ ಹಳೆಯ ಲೆಕ್ಕಕ್ಕೆ ಮರಳಿದ ದೇಶ ಅದು. ಆದ್ದರಿಂದ 1712ರ ಫೆಬ್ರವರಿವರೆಗಿನ ತಾರೀಖಿಗೆ 10 ದಿನ, ಆಮೇಲೆ 1753ರವರೆಗಿನದಕ್ಕೆ 11 ದಿನ ಕೂಡಿಸಬೇಕು. ಕೂಡಿಸದಿದ್ದರೆ ಹಳೆಯ ವಸಂತಗಳು ಇಲ್ಲದಷ್ಟು ಬೇಗ ಬಂದಂತೆ ಕಾಣುತ್ತವೆ, ನದಿ ಹೇಳುವ ಮುಖ್ಯ ಸಂಗತಿಯೇ ಮಸುಕಾಗುತ್ತದೆ. ಸರಿಪಡಿಸಿ ನೋಡಿದರೆ ಆ ಸಂಗತಿ ಸ್ಪಷ್ಟ: ಮುನ್ನೂರು ವರ್ಷಗಳ ಹಿಂದಿಗಿಂತ ಈಗ ಹೆಪ್ಪು ಸುಮಾರು ಎರಡು ವಾರ ಮೊದಲೇ ಒಡೆಯುತ್ತಿದೆ. ಉಪಕರಣವಿಲ್ಲದೆ, ದಂಡೆಯಲ್ಲಿ ನಿಂತು ನೋಡಿ ಬರೆದವರಿಂದ ಇದು ನಮಗೆ ದಕ್ಕಿದೆ. ಅವರ ಶಿಸ್ತಿನ ಬಗ್ಗೆ ನನಗೆ ಅಪಾರ ಗೌರವ.

ಹೆಪ್ಪು ಹೋದ ಮೇಲೆ ಪ್ರವಾಹ ಸಾಮಾನ್ಯವಾಗಿ ಎರಡು ಸಲ ಏರುತ್ತದೆ. ಮೇ ತಿಂಗಳಲ್ಲಿ ಕಾಡು ಮತ್ತು ಜೌಗಿನ ಹಿಮದ ನೀರು, ಜೂನ್‌ನಲ್ಲಿ ಮೇಲಿನ ಬೋಳು ಬೆಟ್ಟಗಳ ನೀರು. ಎರಡೂ ಒಟ್ಟಿಗೆ ಬಂದ ವರ್ಷ ಕಷ್ಟ.

ಆ ನೀರಿಗೆ ಎದುರಾಗಿ ಸಾಲ್ಮನ್ ಹತ್ತುತ್ತದೆ. ಅಕ್ಟೋಬರ್ ಹೊತ್ತಿಗೆ ತಳದ ಜಲ್ಲಿಯಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ. ಮುಂದಿನ ಬೇಸಿಗೆಯ ಆರಂಭದಲ್ಲಿ ಮರಿ ಹೊರಬಂದು, ಮೂರು-ನಾಲ್ಕು ವರ್ಷ ಕಲ್ಲುಗಳ ಸಂದಿಯಲ್ಲಿ ಬೆಳೆದು, ಗೇಣುದ್ದಕ್ಕೆ ಬರುವ ಹೊತ್ತಿಗೆ ಬೆಳ್ಳಿಯ ಬಣ್ಣ ಪಡೆದು ಬಾಲ್ಟಿಕ್ ಸಮುದ್ರಕ್ಕೆ ಇಳಿಯುತ್ತದೆ. ಮರಿಗೆ ಕಲ್ಲಿನ ಸಂದಿಯೇ ಮನೆ. ಮರದ ದಿಮ್ಮಿ ತೇಲಿಸುವ ಕಾಲದಲ್ಲಿ ಹೊಳೆಗಳ ಬಂಡೆಗಳನ್ನು ಕಿತ್ತು ದಂಡೆಗೆ ಹಾಕಿದ್ದರು. ನೀರು ಸಪಾಟಾಗಿ ಓಡಿತು, ಮರಿಗೆ ನಿಲ್ಲಲು ಆಸರೆ ಉಳಿಯಲಿಲ್ಲ. ಆಮೇಲೆ ಅವೇ ಬಂಡೆಗಳನ್ನು ಮತ್ತೆ ನೀರಿಗೆ ಇಳಿಸಬೇಕಾಯಿತು.

ಇನ್ನೊಂದು ಪೆಟ್ಟು ಸಮುದ್ರದಿಂದ ಬಂತು. 1974ರಲ್ಲಿ ಸ್ವೀಡನ್ನಿನ ಮರಿಸಾಕಣೆ ಕೇಂದ್ರಗಳಲ್ಲಿ ಮೊದಲು ಗಮನಕ್ಕೆ ಬಂದ ಎಂ74 ಎಂಬ ರೋಗ. ಮೊಟ್ಟೆಯ ಹಳದಿಯ ಚೀಲ ಹೊಟ್ಟೆಗೆ ಇನ್ನೂ ಅಂಟಿರುವಾಗಲೇ ಮರಿಗಳು ಸಾಯುತ್ತವೆ. ಕಾರಣ ತಾಯಿಮೀನಿನಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವದ ಕೊರತೆ. ಸಮುದ್ರದಲ್ಲಿ ಕೊಬ್ಬಿನ ಸಣ್ಣ ಮೀನನ್ನು ಅತಿಯಾಗಿ ತಿಂದರೆ ಆ ಕೊಬ್ಬನ್ನು ನಿಭಾಯಿಸುವುದಕ್ಕೇ ಥಯಮಿನ್ ಖರ್ಚಾಗಿ ಮೊಟ್ಟೆಗೆ ಉಳಿಯುವುದಿಲ್ಲ. ಸಾಕಣೆ ಕೇಂದ್ರದಲ್ಲಿ ಮೊಟ್ಟೆ ಅಥವಾ ಮರಿಯನ್ನು ಥಯಮಿನ್ ದ್ರಾವಣದಲ್ಲಿ ಅದ್ದಿದರೆ ಸಾಕು, ಬದುಕುತ್ತವೆ. ತೆರೆದ ನದಿಯಲ್ಲಿ ಈ ಮದ್ದು ಕೊಡುವ ದಾರಿಯಿಲ್ಲ. ಮೀನುಗಾರಿಕೆಗೆ ಮಿತಿ ಹಾಕಿದ್ದು, 2008ರಿಂದ ಬಾಲ್ಟಿಕ್‌ನಲ್ಲಿ ತೇಲುಬಲೆ ನಿಷೇಧವಾದದ್ದು ಇವೆಲ್ಲ ಸೇರಿ ಮೀನು ಮರಳಿತು. ಅಳಿವೆಯಿಂದ ಸುಮಾರು ನೂರು ಕಿಲೋಮೀಟರ್ ಮೇಲೆ ಕಟ್ಟಿಲಕೋಸ್ಕಿಯಲ್ಲಿ 2009ರಿಂದ ಶಬ್ದದ ಅಲೆ ಬಿಟ್ಟು ಹತ್ತುವ ಮೀನನ್ನು ಎಣಿಸುತ್ತಾರೆ. 2014ರಲ್ಲಿ ಸುಮಾರು ಒಂದು ಲಕ್ಷ ಸಾಲ್ಮನ್ ದಾಟಿದವು. 2023ರಲ್ಲಿ ಎಣಿಕೆ ಬಹಳ ಇಳಿಯಿತು. ಗೆದ್ದೆವು ಎಂದು ಸುಮ್ಮನಾಗುವಂತಿಲ್ಲ.

ಸಿಯಿಕಾ ಎಂಬ ಬಿಳಿಮೀನಿನ ಬೇಟೆ ನೋಡಬೇಕಾದರೆ ದಂಡೆಯ ಕುಕ್ಕೊಲಾ ಹಳ್ಳಿಗೆ ಹೋಗಬೇಕು. ಮೂರೂವರೆ ಕಿಲೋಮೀಟರ್ ಉದ್ದದಲ್ಲಿ ನದಿ ಸುಮಾರು 14 ಮೀಟರ್ ಇಳಿಯುತ್ತದೆ. ಪ್ರತಿ ಬೇಸಿಗೆ ದಂಡೆಯಿಂದ ನೀರಿನೊಳಕ್ಕೆ ಮರದ ಅಟ್ಟಣೆ ಕಟ್ಟುತ್ತಾರೆ. ಸಿಯಿಕಾಗೆ ಸಾಲ್ಮನ್‌ನಷ್ಟು ಕಸುವಿಲ್ಲ. ಹತ್ತುವಾಗ ದಂಡೆಯ ಪಕ್ಕದ ಸುಳಿಗಳಲ್ಲಿ ದಣಿವಾರಿಸಿಕೊಳ್ಳುತ್ತದೆ. ಅಟ್ಟಣೆಯ ತುದಿಯಲ್ಲಿ ನಿಂತವನು ಉದ್ದ ಹಿಡಿಯ ಗೋರುಬಲೆಯನ್ನು ಹರಿವಿನ ಮೇಲ್ಬದಿಗೆ ಇಳಿಸಿ, ತಳ ಸವರಿದಂತೆ ನೀರಿನ ಜೊತೆಗೇ ಕೆಳಕ್ಕೆ ತಂದು, ಎತ್ತುತ್ತಾನೆ. ನೀರಿಗಿಂತ ನಿಧಾನ ಮಾಡಿದರೆ ಬಲೆಯ ಚೀಲ ಮಗುಚಿಕೊಳ್ಳುತ್ತದೆ. ಹಿಡಿದದ್ದನ್ನು ಹಳ್ಳಿಯ ಮನೆಗಳು ಹಳೆಯ ಪಾಲಿನ ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. ಬರೀ ಉಪ್ಪು ಹಚ್ಚಿ, ಕಡ್ಡಿಗೆ ಸಿಕ್ಕಿಸಿ, ಬೆಂಕಿಯ ಪಕ್ಕ ಓರೆಯಾಗಿ ನೆಡುತ್ತಾರೆ.

ಕೊನೆಗೆ ಅಳಿವೆಯ ನೆಲ. ಹಿಮಯುಗದಲ್ಲಿ ಕಿಲೋಮೀಟರ್‌ಗಟ್ಟಲೆ ದಪ್ಪದ ಹಿಮ ಈ ನೆಲವನ್ನು ಅದುಮಿತ್ತು. ಭಾರ ಕರಗಿ ಹತ್ತು ಸಾವಿರ ವರ್ಷವಾದರೂ ನೆಲ ಇನ್ನೂ ವರ್ಷಕ್ಕೆ ಸುಮಾರು 8 ಮಿಲಿಮೀಟರ್ ಏರುತ್ತಿದೆ. ನದಿಯ ಪಕ್ಕದ, 242 ಮೀಟರ್ ಎತ್ತರದ ಆವಸಾಕ್ಸಾ ಬೆಟ್ಟದ ನೆತ್ತಿ ಒಂದು ಕಾಲಕ್ಕೆ ದ್ವೀಪವಾಗಿತ್ತು. 1736ರಲ್ಲಿ ಭೂಮಿಯ ಆಕಾರ ಅಳೆಯಲು ಫ್ರಾನ್ಸಿನ ವಿಜ್ಞಾನಿ ಮೊಪೆರ್ಟುಯಿಯ ತಂಡ ಬಂದಾಗ, ದೂರ ಲೆಕ್ಕ ಹಾಕಲು ಅವರು ಹೆಣೆದ ತ್ರಿಕೋನಗಳಲ್ಲಿ ಒಂದಕ್ಕೆ ಅದೇ ಬೆಟ್ಟ ತುದಿಯಾಯಿತು. ಡಿಸೆಂಬರ್‌ನಲ್ಲಿ ಹೆಪ್ಪುಗಟ್ಟಿದ ಇದೇ ನದಿಯ ಮೇಲೆ ಎರಡು ಗುಂಪುಗಳು ಮರದ ಕೋಲುಗಳಿಂದ ಆ ಲೆಕ್ಕಕ್ಕೆ ಆಧಾರವಾದ, ಹದಿನಾಲ್ಕು ಕಿಲೋಮೀಟರ್‌ಗೂ ಮೀರಿದ ಗೆರೆ ಅಳೆದವು. ಎರಡರ ನಡುವಿನ ವ್ಯತ್ಯಾಸ ನಾಲ್ಕು ಅಂಗುಲ. ಆ ತಂಡದಲ್ಲಿದ್ದ ಸ್ವೀಡನ್ನಿನ ಖಗೋಳ ವಿಜ್ಞಾನಿ ಸೆಲ್ಸಿಯಸ್, ತನ್ನ ದೇಶದ ತೀರದ ಬಂಡೆಯೊಂದರ ಮೇಲೆ 1731ರಲ್ಲೇ ಸಮುದ್ರಮಟ್ಟದ ಗುರುತು ಕೆತ್ತಿಸಿದ್ದ. ಸಮುದ್ರ ಬತ್ತುತ್ತಿದೆ ಎಂದು ಅವನು ತಿಳಿದಿದ್ದ. ಏರುತ್ತಿದ್ದದ್ದು ನೆಲ.

ಹೀಗೆ ಏರಿದ ನೆಲ ಯಾರದು? ಫಿನ್ಲೆಂಡಿನ ಕಾನೂನಿನಲ್ಲಿ ನೀರು ಬಿಟ್ಟುಹೋದ ಜಾಗ ದಂಡೆಯ ಜಮೀನುದಾರನದಲ್ಲ, ಆ ನೀರಿನ ಒಡೆತನವಿದ್ದವರದು. ಹೆಚ್ಚಾಗಿ ಹಳ್ಳಿಯವರ ಕೂಡುಸೊತ್ತು. ಅಜ್ಜನ ಕಾಲದಲ್ಲಿ ದೋಣಿ ಕಟ್ಟುತ್ತಿದ್ದ ದಂಡೆ ಇವತ್ತು ಹುಲ್ಲುಗಾವಲಿನ ಹಿಂದೆ ಉಳಿದಿದ್ದರೆ, ಮೊಮ್ಮಗ ತನ್ನ ಮನೆ ಮುಂದಿನ ಆ ಹುಲ್ಲುಗಾವಲನ್ನು ದುಡ್ಡು ಕೊಟ್ಟು ಕೊಳ್ಳಬೇಕು.