ಒದ್ದೆ ಗಾಜಿನ ಮೇಲೆ ಯುದ್ಧ

ಕೇಳುಗರಿಗೆ ನಮಸ್ಕಾರ.

1862ರ ಸೆಪ್ಟೆಂಬರ್ 17. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಶಾರ್ಪ್ಸ್‌ಬರ್ಗ್ ಊರಿನ ಪಕ್ಕದ ಆಂಟೀಟಮ್ ಹೊಳೆಯ ಬಳಿ, ಉತ್ತರದ ಒಕ್ಕೂಟ ಸೇನೆಗೂ ದಕ್ಷಿಣದ ಬಂಡಾಯ ರಾಜ್ಯಗಳ ಸೇನೆಗೂ ಬೆಳಗಿನಿಂದ ಸಂಜೆಯವರೆಗೆ ಕಾಳಗ ನಡೆಯಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿ ಆ ಒಂದೇ ದಿನದ ಲೆಕ್ಕ ಸುಮಾರು 23,000. ಎರಡು ದಿನ ಕಳೆದು ಅಲೆಕ್ಸಾಂಡರ್ ಗಾರ್ಡ್ನರ್ ಮತ್ತು ಜೇಮ್ಸ್ ಗಿಬ್ಸನ್ ಅಲ್ಲಿ ಕ್ಯಾಮೆರಾ ಹೂಡಿದರು. ಇನ್ನೂ ಹೂಳದ ಹೆಣಗಳ ಚಿತ್ರ ಅಮೆರಿಕದ ರಣಭೂಮಿಯಲ್ಲಿ ತೆಗೆದದ್ದು ಅದೇ ಮೊದಲು.

ಆ ಚಿತ್ರಗಳಲ್ಲಿ ಓಡುವ ಸೈನಿಕನಿಲ್ಲ, ಮುನ್ನುಗ್ಗುವ ಕುದುರೆಯಿಲ್ಲ. ಏಕೆಂದು ತಿಳಿಯಬೇಕಾದರೆ ಅವು ತಯಾರಾದ ಬಗೆ ತಿಳಿದಿರಬೇಕು.

ಆಗಿನದು ಒದ್ದೆ ಕೊಲೋಡಿಯನ್ ಪದ್ಧತಿ. 1851ರಲ್ಲಿ ಇಂಗ್ಲೆಂಡಿನ ಫ್ರೆಡೆರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ್ದು. ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿಯನ್ನು ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿ, ಅಯೋಡೈಡ್, ಬ್ರೋಮೈಡ್ ಲವಣ ಬೆರೆಸಿದರೆ ಅಂಟಂಟಾದ ಕೊಲೋಡಿಯನ್ ಸಿದ್ಧ. ಉಜ್ಜಿ ತೊಳೆದ ಗಾಜಿನ ನಡುವೆ ಅದನ್ನು ಸುರಿಯಬೇಕು. ದೋಸೆ ಹಿಟ್ಟಿನ ಹಾಗೆ ಸೌಟಿನಿಂದ ಹರಡುವಂತಿಲ್ಲ. ಗಾಜನ್ನೇ ವಾಲಿಸಿ ನಾಲ್ಕೂ ಮೂಲೆಗೆ ಹರಿಸಿ, ಮಿಕ್ಕಿದ್ದನ್ನು ಕೊನೆಯ ಮೂಲೆಯಿಂದ ಸೀಸೆಗೆ ಬಸಿಯಬೇಕು. ಪದರ ಬೆರಳಿಗೆ ತುಸು ಅಂಟುವ ಹದಕ್ಕೆ ಬಂದ ಕೂಡಲೇ ಗಾಡಿಯೊಳಗಿನ ಕತ್ತಲಲ್ಲಿ ಅದನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಮೂರು–ನಾಲ್ಕು ನಿಮಿಷ ಮುಳುಗಿಸಬೇಕು. ಗಾಜು ಬೆಳಕಿಗೆ ಸ್ಪಂದಿಸುವುದು ಆಮೇಲೆಯೇ.

ಅಲ್ಲಿಂದ ಮುಂದೆ ಕೈಯಲ್ಲಿರುವುದು ಹತ್ತು ನಿಮಿಷ. ಬಿಸಿಲು ಚುರುಕಾಗಿದ್ದರೆ ಅದೂ ಇಲ್ಲ. ಈಥರ್ ಆರಿ ಪದರ ಒಣಗಿತೆಂದರೆ ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, ಒಳಗೆ ಇಳಿಯುವುದೇ ಇಲ್ಲ, ಗಾಜು ದಂಡ. ಆದ್ದರಿಂದ ಕತ್ತಲ ಗಾಡಿ ಕ್ಯಾಮೆರಾದ ಹತ್ತಿರವೇ ನಿಲ್ಲಬೇಕು. ಒಬ್ಬರು ಗಾಡಿಯಲ್ಲಿ ಗಾಜು ತಯಾರಿಸಿದರೆ ಇನ್ನೊಬ್ಬರು ಹೊರಗೆ ಫೋಕಸ್ ಕೂಡಿಸಿಕೊಂಡು ಕಾಯುತ್ತಾರೆ. ಮಸೂರದ ಮುಚ್ಚಳ ತೆಗೆದು, ಬೆಳಕು ನೋಡಿಕೊಂಡು ಕೆಲವು ಸೆಕೆಂಡು ಎಣಿಸಿ, ಮತ್ತೆ ಮುಚ್ಚಬೇಕು. ಅಷ್ಟರಲ್ಲಿ ತಲೆ ಅಲ್ಲಾಡಿಸಿದವನ ಮುಖ ಕಲಸಿಹೋಗುತ್ತದೆ. ನಡೆದುಹೋದವನು ಚಿತ್ರದಲ್ಲಿ ಬರುವುದೇ ಇಲ್ಲ. ಆ ಹೊಲದಲ್ಲಿ ಅಲುಗಾಡದೆ ಇದ್ದವರು ಸತ್ತವರು.

ಡೆವಲಪರ್ ಎಂದರೆ ಫೆರಸ್ ಸಲ್ಫೇಟ್, ಜೊತೆಗೆ ಅಸೆಟಿಕ್ ಆಮ್ಲ. ಅದನ್ನು ಒಂದೇ ಬೀಸಿನಲ್ಲಿ ಗಾಜಿನ ತುಂಬ ಹರಿಸಬೇಕು. ಕೈ ತಡೆದರೆ ಅಲೆಯಂಥ ಗೆರೆ ಮೂಡುತ್ತದೆ. ಅಂಚಿನಿಂದ ಚೆಲ್ಲಿದರೆ ಬೆಳ್ಳಿಯೂ ಜೊತೆಗೇ ಹೋಗಿ ಆ ಮಗ್ಗುಲು ಪೇಲವವಾಗುತ್ತದೆ. ಹದಿನೈದು–ಇಪ್ಪತ್ತು ಸೆಕೆಂಡಿಗೆ ನೀರು ಹೊಯ್ದು ನಿಲ್ಲಿಸಬೇಕು. ಚಿತ್ರ ಸ್ಥಿರಗೊಳಿಸಲು ಹೈಪೊ (ಸೋಡಿಯಂ ಥಯೋಸಲ್ಫೇಟ್), ಇಲ್ಲವೇ ಪೊಟಾಸಿಯಂ ಸಯನೈಡ್. ಆಮ್ಲ ಚೆನ್ನಾಗಿ ತೊಳೆದುಹೋಗುವ ಮೊದಲೇ ಸಯನೈಡ್ ಸುರಿದರೆ ಆ ಮುಚ್ಚಿದ ಗಾಡಿಯಲ್ಲಿ ವಿಷಾನಿಲ ಏಳುತ್ತದೆ. ಕೊನೆಗೆ ದೀಪದ ಶಾಖಕ್ಕೆ ಹಿಡಿದು ವಾರ್ನಿಷ್. ಬಾವಿಯ ನೀರಿನಲ್ಲಿ ಉಪ್ಪಿನಂಶವಿದ್ದರೆ ಬೆಳ್ಳಿಯ ದ್ರಾವಣ ಹಾಲಿನಂತೆ ಕದಡಿಬಿಡುತ್ತದೆ. ಒಂದು ಕಣ ಧೂಳು ಕೂತರೆ ಧೂಮಕೇತುವಿನ ಬಾಲದಂಥ ಕಲೆ. ಇನ್ನೊಂದು ಮಾತು: ಕೊಲೋಡಿಯನ್‌ಗೆ ನೀಲಿ ಬೆಳಕು ಕಾಣುತ್ತದೆ, ಕೆಂಪು ಕಾಣುವುದಿಲ್ಲ. ಹಾಗಾಗಿ ಆ ಚಿತ್ರಗಳಲ್ಲಿ ಆಕಾಶ ಬರಿ ಬಿಳುಪು, ರಕ್ತ ಬರಿ ಕಪ್ಪು. ಮಣ್ಣಿನ ಕಲೆಗೂ ರಕ್ತದ ಕಲೆಗೂ ವ್ಯತ್ಯಾಸವೇ ತಿಳಿಯುವುದಿಲ್ಲ.

ಯಾರ ಹೆಣ ಚಿತ್ರಕ್ಕೆ ಸಿಕ್ಕಿತು ಎಂಬುದನ್ನು ನಿರ್ಧರಿಸಿದ್ದು ಮಾತ್ರ ರಸಾಯನವಲ್ಲ, ಗುದ್ದಲಿ. ದಕ್ಷಿಣದ ಸೇನೆ ಹಿಂದೆ ಸರಿದ ಮೇಲೆ ರಣಭೂಮಿ ಉತ್ತರದವರ ವಶದಲ್ಲಿತ್ತು. ಅವರು ಮೊದಲು ತಮ್ಮವರನ್ನು ಹೂಳಿದರು. ಆದ್ದರಿಂದ ಗಾರ್ಡ್ನರ್ ಅವರ ಗಾಜಿಗೆ ಬಂದ ಹೆಣಗಳು ಬಹುಪಾಲು ದಕ್ಷಿಣದವರವು. ಒಂದು ಚಿತ್ರದಲ್ಲಂತೂ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಒಂದು ಕಡೆ ಮಿಷಿಗನ್ ಏಳನೇ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ಕ್ಲಾರ್ಕ್ ಅವರ ಹೊಸ ಸಮಾಧಿ, ತಲೆಯ ಬಳಿ ಹೆಸರು ಬರೆದ ಹಲಗೆ. ಪಕ್ಕದಲ್ಲೇ ಅಂಗಾತ ಬಿದ್ದಿರುವ ದಕ್ಷಿಣದ ಹುಡುಗ. ಅವನಿಗೆ ಮಣ್ಣೂ ಇಲ್ಲ, ಹೆಸರೂ ಇಲ್ಲ. ಆ ಯುದ್ಧದ ಬಗ್ಗೆ ಓದಿದ ಎಷ್ಟೋ ಪುಟಗಳಿಗಿಂತ ಈ ಒಂದು ಗಾಜು ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಛಾಯಾಗ್ರಾಹಕ ಮ್ಯಾಥ್ಯೂ ಬ್ರೇಡಿ ಅವರ ಗ್ಯಾಲರಿಯಲ್ಲಿ ಇವು ಪ್ರದರ್ಶನಕ್ಕೆ ಬಂದವು, ಜನ ಮುಗಿಬಿದ್ದು ನೋಡಿದರು. ಬಹುಪಾಲು ಸ್ಟೀರಿಯೋ ಚಿತ್ರಗಳಾದ್ದರಿಂದ, ಜೋಡಿ ಮಸೂರದ ಕನ್ನಡಕವಿದ್ದವರಿಗೆ ಆ ಹೊಲದ ಆಳವೂ ಕಂಡಿತು. ಪತ್ರಿಕೆಗಳಿಗೆ ಆಗ ಫೋಟೋ ಮುದ್ರಿಸುವ ದಾರಿ ಇರಲಿಲ್ಲ. ಮರದ ಅಚ್ಚಿನಲ್ಲಿ ಕೆತ್ತಿಸಿ ಹಾಕುತ್ತಿದ್ದರು.

ಈ ಚಿತ್ರಗಳನ್ನು ಕಣ್ಣು ಮುಚ್ಚಿ ನಂಬಬೇಕೆಂದೂ ಅಲ್ಲ. ಮರುವರ್ಷ ಜುಲೈಯಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ, ಬಂಡೆಗಳ ನಡುವಿನ ಗೋಡೆಯ ಹಿಂದೆ ಸತ್ತು ಬಿದ್ದ ಗುರಿಕಾರನದೆಂದು ಹೆಸರಾದ ಚಿತ್ರದಲ್ಲಿರುವ ಹೆಣವನ್ನು ಬೇರೆ ಜಾಗದಿಂದ ಎತ್ತಿ ತಂದು ಇಟ್ಟಿದ್ದರು. ಇತಿಹಾಸಕಾರ ವಿಲಿಯಂ ಫ್ರಾಸನಿಟೊ 1970ರ ದಶಕದಲ್ಲಿ ಚಿತ್ರಗಳ ಬಂಡೆ, ಹೆಣದ ಭಂಗಿ ಹೋಲಿಸಿ ಇದನ್ನು ತೋರಿಸಿಕೊಟ್ಟರು. ಗೋಡೆಗೆ ಒರಗಿಸಿದ ಬಂದೂಕು ಗುರಿಕಾರರು ಬಳಸುವಂಥದ್ದೂ ಅಲ್ಲ. ಸಾವು ನಿಜ, ಜೋಡಣೆ ಸುಳ್ಳು. ಸತ್ತವನ ಮೈಯನ್ನು ದೃಶ್ಯದ ಸಾಮಾನು ಮಾಡಿದ್ದು ನನಗೆ ಒಪ್ಪಿಗೆಯಿಲ್ಲ, ಚಿತ್ರ ಎಷ್ಟೇ ಪ್ರಸಿದ್ಧವಾಗಿರಲಿ.

ಅದೇ ಗೆಟ್ಟಿಸ್‌ಬರ್ಗ್‌ನಲ್ಲಿ ಇನ್ನೊಂದು ಗಾಜು ಸಿಕ್ಕಿತು. ಅದನ್ನು ತೆಗೆದವರು ಯುದ್ಧದ ಛಾಯಾಗ್ರಾಹಕರಲ್ಲ. ಸತ್ತ ಉತ್ತರದ ಸೈನಿಕನೊಬ್ಬನ ಬಳಿ ಮೂರು ಮಕ್ಕಳ ಆಂಬ್ರೋಟೈಪ್, ಅಂದರೆ ಗಾಜಿನ ಮೇಲಿನ ಫೋಟೋ, ಇತ್ತು. ಅವನ ಗುರುತು ಹೇಳುವ ಬೇರೇನೂ ಇರಲಿಲ್ಲ. ಚಿತ್ರ ಫಿಲಡೆಲ್ಫಿಯಾದ ವೈದ್ಯ ಜಾನ್ ಫ್ರಾನ್ಸಿಸ್ ಬೋರ್ನ್ಸ್ ಅವರ ಕೈ ಸೇರಿತು. ಮುದ್ರಿಸಲು ಬರುವಂತಿರಲಿಲ್ಲವಾದ್ದರಿಂದ 1863ರ ಅಕ್ಟೋಬರಿನಲ್ಲಿ ಪತ್ರಿಕೆ ಅದನ್ನು ಮಾತಿನಲ್ಲೇ ವರ್ಣಿಸಿತು: ಚಿಕ್ಕವನು ಎತ್ತರದ ಕುರ್ಚಿಯಲ್ಲಿ, ಎರಡೂ ಪಕ್ಕ ಅಣ್ಣ ಮತ್ತು ಅಕ್ಕ, ದೊಡ್ಡ ಹುಡುಗನ ಜಾಕೆಟ್ಟೂ ಹುಡುಗಿಯ ಉಡುಪೂ ಒಂದೇ ಬಟ್ಟೆಯದು. ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್ ಊರಿನ ಫಿಲಿಂಡಾ ಹ್ಯುಮಿಸ್ಟನ್ ಅವರಿಗೆ ಆ ವಿವರ ತಲುಪಿತು. ಅಂಚೆಯಲ್ಲಿ ಬಂದ ಪ್ರತಿ ನೋಡಿ, ಸತ್ತವರು ತಮ್ಮ ಗಂಡ, 154ನೇ ನ್ಯೂಯಾರ್ಕ್ ರೆಜಿಮೆಂಟಿನ ಸಾರ್ಜೆಂಟ್ ಏಮಸ್ ಎಂಬುದು ಅವರಿಗೆ ಖಚಿತವಾಯಿತು. ಆ ಚಿತ್ರದ ಪ್ರತಿಗಳನ್ನು ಮಾರಿ ಬಂದ ಹಣವೂ ಸೇರಿ, 1866ರಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ಸೈನಿಕರ ಅನಾಥ ಮಕ್ಕಳಿಗಾಗಿ ಮನೆಯೊಂದು ತೆರೆಯಿತು. ಫಿಲಿಂಡಾ ಮೂರೂ ಮಕ್ಕಳೊಂದಿಗೆ ಅಲ್ಲಿಗೆ ಬಂದು ಕೆಲಸಕ್ಕೆ ಸೇರಿದರು.